ಮುಚ್ಚಬೇಕಿತ್ತು, ಮುಚ್ಚಿರಬೇಕು

ಶೀತಲಗೃಹದಲ್ಲಿ ಅಮೋನಿಯಾ ಸೋರಿ ಹನ್ನೊಂದು ದಿನವಾಗಿತ್ತು. ತೂಕದ ಕೋಣೆಯ ಮುದುಕ ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದ. ಇಬ್ಬರು ಆಸ್ಪತ್ರೆ ಸೇರಿದ್ದರು. ಒಬ್ಬ ಅಲ್ಲಿನ ಫಿಟ್ಟರ್. ಇನ್ನೊಬ್ಬ ಹೊಸ ಪಂಪಿನ ಜೊತೆ ಹೊರದೇಶದಿಂದ ಬಂದ ಮೆಕ್ಯಾನಿಕ್. ಅವನಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದು. ಎರಡು ವರ್ಷದಿಂದ ಅಲ್ಲೇ ಇದ್ದರೂ ಕೆಲಸಗಾರರ ಜೊತೆ ಕೈಸನ್ನೆಯಲ್ಲೇ ಕಾಲ ತಳ್ಳಿದ್ದ. ಎಲ್ಲರೂ ಅವನನ್ನು ಸೆನ್ಯೋರ್, ಅಂದರೆ ಸಾಹೇಬರು, ಎಂದೇ ಕರೆಯುತ್ತಿದ್ದರು.

ಇಬ್ಬರೂ ರೋಗಿಗಳಾದ್ದರಿಂದ ವಿಚಾರಣೆಯನ್ನು ಆಸ್ಪತ್ರೆಯ ಮೂರನೇ ಮಹಡಿಯ ಮೀಟಿಂಗ್ ರೂಮಿನಲ್ಲೇ ಇಟ್ಟುಕೊಂಡಿದ್ದರು. ಸೆನ್ಯೋರನ ಮಾತನ್ನು ತಿಳಿಸಿ ಹೇಳಲು ಕರೆಸಿದ್ದು ದುಭಾಷಿಯನ್ನು. ಐವತ್ತು ದಾಟಿದ ಹೆಂಗಸು. ಹನ್ನೆರಡು ವರ್ಷ ಹಡಗು ಏಜೆಂಟರ ಆಫೀಸಿನಲ್ಲಿ ನಾವಿಕರ ಜಗಳ, ಜ್ವರ, ಕಳೆದುಹೋದ ಪೆಟ್ಟಿಗೆಗಳ ದೂರು ಕೇಳಿ ಕೇಳಿ ಸ್ಪ್ಯಾನಿಷ್ ಕಲಿತವಳು; ಆಮೇಲೆ ಪುಸ್ತಕ ಹಿಡಿದು ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಳು. ಸರ್ಕಾರಿ ಪಟ್ಟಿಯಲ್ಲಿ ಆ ಭಾಷೆಗೆ ಇದ್ದದ್ದು ಅವಳೊಬ್ಬಳೇ. ಹಾಗಾಗಿ ಅವಳು ಹೇಳಿದ್ದೇ ವೇದ. ಸರಿಯೋ ತಪ್ಪೋ ಎಂದು ನೋಡುವವರಿಲ್ಲ.

ಮೇಜಿನ ತುದಿಯಲ್ಲಿ ಕೂತಿದ್ದ ವಿಚಾರಣಾಧಿಕಾರಿ ಕಾರ್ಖಾನೆಗಳ ತನಿಖೆಯಲ್ಲೇ ಇಪ್ಪತ್ತೆಂಟು ವರ್ಷ ಸವೆಸಿದ ಹೆಂಗಸು. ಮಾತು ಕಮ್ಮಿ, ಮುಲಾಜು ಅದಕ್ಕಿಂತ ಕಮ್ಮಿ. ಎಡಕ್ಕೆ ಕಂಪನಿ ವಕೀಲ. ಬಲಕ್ಕೆ, ತಲೆಗೆ ಪಟ್ಟಿ ಸುತ್ತಿಕೊಂಡು, ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಫಿಟ್ಟರ್.

ಪ್ರಶ್ನೆ ಇದ್ದದ್ದು ಒಂದೇ. ಸೋರಿಕೆ ಶುರುವಾದಾಗ ಮೇಲಿನ ಕಬ್ಬಿಣದ ಅಟ್ಟಣೆ ಹತ್ತಿ ದೊಡ್ಡ ವಾಲ್ವ್ ಮುಚ್ಚುವುದು ಫಿಟ್ಟರನ ಕೆಲಸ. ಅವನು ಮುಚ್ಚಿದನೋ ಇಲ್ಲವೋ? ಆಮೇಲೆ ಬಂದ ಅಗ್ನಿಶಾಮಕದವರು ಕೈಗೆ ಸಿಕ್ಕ ವಾಲ್ವನ್ನೆಲ್ಲ ತಿರುಗಿಸಿದ್ದರಿಂದ ವಾಲ್ವನ್ನು ನೋಡಿ ಹೇಳುವಂತಿರಲಿಲ್ಲ. ಫಿಟ್ಟರನನ್ನೇ ಕೇಳೋಣವೆಂದರೆ ಅವನಿಗೆ ನೆನಪಿಲ್ಲ. ಸೆನ್ಯೋರನನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಗಿಲವರೆಗೆ ಬಂದದ್ದನ್ನು ನಾಲ್ಕು ಜನ ನೋಡಿದ್ದರು. ಮೆಟ್ಟಿಲಲ್ಲಿ ಜಾರಿ ಬಿದ್ದು ತಲೆ ಒಡೆದುಕೊಂಡಿದ್ದ. "ಏಣಿ ಹತ್ತಿದ್ದು ಗೊತ್ತು ಮೇಡಂ," ಎಂದಿದ್ದ ಅವನು. "ಆಮೇಲೆ ಈ ಮಂಚ. ನಡುವೆ ಏನೂ ಇಲ್ಲ."

ಹತ್ತೂವರೆಗೆ ಸೆನ್ಯೋರನನ್ನು ಗಾಲಿಕುರ್ಚಿಯಲ್ಲಿ ತಂದರು. ಮೂಗಿಗೆ ಆಮ್ಲಜನಕದ ನಳಿಕೆ. ಎರಡು ಮಾತಾಡಿದರೆ ನಾಲ್ಕು ಸಲ ಕೆಮ್ಮು. ಪಂಪಿನ ಕೆಳಗೆ ಮಲಗಿಕೊಂಡು ಕೆಲಸ ಮಾಡುತ್ತಿದ್ದೆ, ಬುಸ್ಸೆಂದಿತು, ಫಿಟ್ಟರ್ ಮೇಲಕ್ಕೆ ಓಡಿದ, ಎಂಬುದನ್ನೆಲ್ಲ ಅವನು ತುಂಡು ತುಂಡಾಗಿ ಹೇಳಿದ. ದುಭಾಷಿ ಜೋಡಿಸಿ ಒಪ್ಪಿಸಿದಳು.

"ವಾಲ್ವ್ ವಿಚಾರದಲ್ಲಿ ಫಿಟ್ಟರ್ ಬಗ್ಗೆ ಏನು ಹೇಳ್ತಾರೆ?" ಎಂದು ಕೇಳಿದರು ಅಧಿಕಾರಿ.

ಸೆನ್ಯೋರ್ ಕಣ್ಣು ಮುಚ್ಚಿಕೊಂಡು, "ದೆಬಿಯೊ ಸೆರ್ರಾರ್ಲಾ," ಎಂದ. ಇನ್ನೂ ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಒತ್ತರಿಸಿಕೊಂಡು ಬಂತು.

"ಅದನ್ನ ಮುಚ್ಚಬೇಕಿತ್ತು ಅಂತಾರೆ," ಎಂದಳು ದುಭಾಷಿ.

ಕೆಮ್ಮು ನಿಲ್ಲಲೇ ಇಲ್ಲ. ನರ್ಸ್ ಬಂದು, ಸಾಕು, ಇನ್ನು ಆಗುವುದಿಲ್ಲ ಎಂದು ಕುರ್ಚಿಯನ್ನು ತಳ್ಳಿಕೊಂಡೇ ಹೋದಳು. ನಾಲ್ಕು ಗಂಟೆಗೆ ಅವನನ್ನು ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಆಂಬ್ಯುಲೆನ್ಸ್ ಗೊತ್ತು ಮಾಡಿದ್ದರು. ಮುಂದಿನ ಚಿಕಿತ್ಸೆ ಅವನ ಊರಲ್ಲೇ.

ಕಂಪನಿ ವಕೀಲ ಪೆನ್ನಿನ ಮುಚ್ಚಳ ಹಾಕಿದ. "ಮುಚ್ಚಬೇಕಿತ್ತು. ಅಂದ್ರೆ ಮುಚ್ಚಲಿಲ್ಲ. ಪಕ್ಕದಲ್ಲೇ ಇದ್ದವನ ಮಾತು. ಇನ್ನೇನು ಬೇಕು ಮೇಡಂ?"

ಫಿಟ್ಟರ್ ತನ್ನ ಅಂಗೈ ನೋಡುತ್ತ ಕೂತಿದ್ದ. "ಸೆನ್ಯೋರ್ ಸುಳ್ಳು ಹೇಳೋ ಮನುಷ್ಯ ಅಲ್ಲ," ಎಂದ ನಿಧಾನವಾಗಿ. "ಅವರೇ ಹಾಗಂದ್ರೆ ನಾನು ಮುಚ್ಚಿಲ್ಲ ಅಂತ್ಲೇ ಆಯ್ತು. ಎಲ್ಲಿ ಸಹಿ ಮಾಡ್ಬೇಕೋ ಹೇಳಿ, ಮಾಡ್ತೀನಿ."

ಅಧಿಕಾರಿ, ಹೇಳಿಕೆ ಟೈಪಾಗಲಿ, ಮೂರು ಗಂಟೆಗೆ ಸಹಿ, ಎಂದು ಎದ್ದರು.

ದುಭಾಷಿ ಊಟದ ಡಬ್ಬಿ ಹಿಡಿದು ಕಾರಿಡಾರಿನ ಬೆಂಚಿಗೆ ಬಂದಳು. ಕೆಲಸ ಮುಗಿದ ಸಮಾಧಾನ ಇರಬೇಕಿತ್ತು, ಇರಲಿಲ್ಲ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ ಏನೋ ಒಂದು ಕಿರಿಕಿರಿ. ಅದೇ ಬೆಂಚಿನ ಆ ತುದಿಯಲ್ಲಿ ಫಿಟ್ಟರನ ಅಕ್ಕ ಕೂತಿದ್ದಳು. ಹನ್ನೊಂದು ದಿನದಿಂದ ಆ ಬೆಂಚೇ ಅವಳ ಮನೆ. ತಮ್ಮನು ಸಹಿಗೆ ಒಪ್ಪಿದ್ದು ಅವಳಿಗಿನ್ನೂ ತಿಳಿದಿರಲಿಲ್ಲ. ಔಷಧಿಯ ಟ್ರೇ ಹಿಡಿದು ಹೋಗುತ್ತಿದ್ದ ನರ್ಸನ್ನು ಅಡ್ಡಗಟ್ಟಿದಳು.

"ಸಿಸ್ಟರ್, ನನ್ನ ತಮ್ಮನಿಗೆ ಹನ್ನೊಂದು ಗಂಟೆ ಇಂಜೆಕ್ಷನ್ ಆಯ್ತಾ?"

"ಬೆಳಗಿನ ಡ್ಯೂಟಿಯವರು ಕೊಟ್ಟಿರಬೇಕು."

"ಕೊಟ್ಟಿರಬೇಕೋ, ಕೊಡಬೇಕಿತ್ತೋ? ಎರಡರಲ್ಲಿ ಒಂದು ಹೇಳಿ. ನಿಮಗೆ ಎರಡೂ ಒಂದೇ ಇರಬಹುದು, ನಮಗಲ್ಲ."

ನರ್ಸ್ ಮುಖ ಸಿಂಡರಿಸಿ, ಪುಸ್ತಕ ನೋಡಿ ಹೇಳುತ್ತೇನೆಂದು ಒಳಗೆ ಹೋದಳು. ದುಭಾಷಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಆ ಕಿರಿಕಿರಿ ಏನೆಂದು ಹೊಳೆದದ್ದು ಆಗಲೇ. ದೆಬಿಯೊ ಸೆರ್ರಾರ್ಲಾ. ಆ ಕ್ರಿಯಾಪದದ ಮೂಲ ದೆಬೆರ್. ಒಂದು ಗೂಟಕ್ಕೆ ಮೂರು ಹಸು ಕಟ್ಟಿದ ಹಾಗೆ ಮೂರು ಅರ್ಥ ಅದಕ್ಕೆ. ಕರ್ತವ್ಯವೂ ಅದೇ, ಊಹೆಯೂ ಅದೇ, ಸಾಲವೂ ಅದೇ. ಊಹೆಯಾದರೆ ನಡುವೆ 'ದೆ' ಎಂಬ ಪುಟ್ಟ ಅಕ್ಷರ ಸೇರಿಸಬೇಕೆಂದು ಅವಳು ಓದಿದ ಪುಸ್ತಕ ಹೇಳುತ್ತದೆ. 'ದೆಬಿಯೊ ದೆ ಸೆರ್ರಾರ್ಲಾ' ಎಂದರೆ ಮುಚ್ಚಿರಬೇಕು. 'ದೆ' ಇಲ್ಲದಿದ್ದರೆ, ಮುಚ್ಚಬೇಕಿತ್ತು. ಸೆನ್ಯೋರ್ 'ದೆ' ಎನ್ನಲಿಲ್ಲ. ಅವಳು ಕಣ್ಣು ಮುಚ್ಚಿ ಪುಸ್ತಕದ ದಾರಿ ಹಿಡಿದಳು. ಆದರೆ ಪುಸ್ತಕದ ಹಾಗೆ ಮಾತಾಡುವವರು ಯಾರು? ಹಡಗಿನ ಅಡುಗೆಯವರು, ಕೂಲಿಗಳು, ಕ್ಯಾಪ್ಟನ್ನರು, ಅವಳು ಕೇಳಿದವರಲ್ಲಿ ಅರ್ಧಕ್ಕರ್ಧ ಜನ ಆ 'ದೆ'ಯನ್ನು ನುಂಗಿಯೇ ಮಾತಾಡುತ್ತಿದ್ದರು. ಅದು ಅವಳಿಗೆ ಗೊತ್ತಿದ್ದ ವಿಷಯ. ಗೊತ್ತಿದ್ದೂ ಕೇಳಲಿಲ್ಲ.

ಹಾಗಾದರೆ ಸೆನ್ಯೋರ್ ಹೇಳಿದ್ದು ಯಾವುದು? ಅದು ಮಾತ್ರ ಅವಳಿಗೆ ಗೊತ್ತಿಲ್ಲ. ಅವಳ ಮೊದಲ ಮಾತೇ ಸರಿಯಿದ್ದರೂ ಇರಬಹುದು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಡಿಯಾರದಲ್ಲಿ ಎರಡು ಹೊಡೆಯಲು ಹತ್ತು ನಿಮಿಷವಿತ್ತು.

ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವನು; ಇಡೀ ದಿನ ಬೇರೆಯವರ ತಪ್ಪು ಹೆಕ್ಕುವುದೇ ಅವನ ಅನ್ನ. ಅವಳು ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು.

"ಅಚ್ಚಾಗಿದೆಯಾ?" ಎಂದ ಅವನು.

"ಟೈಪ್ ಆಗ್ತಿದೆ. ಮೂರಕ್ಕೆ ಸಹಿ."

"ಹಾಗಾದ್ರೆ ಇನ್ನೂ ಕರಡೇ ಕಣೆ. ಎದ್ದು ಹೋಗು."

"ಪಟ್ಟಿಯಿಂದ ತೆಗೀತಾರೆ ನನ್ನ."

"ತೆಗೀಲಿ. ಅತ್ತ ಒಬ್ಬನ ಜೀವನ ಹೋಗ್ತಿದೆ, ಇತ್ತ ನೀನು ಪಟ್ಟಿ ಹಿಡ್ಕೊಂಡು ಕೂತ್ಕೋತೀಯ?"

ಫೋನಿಟ್ಟು, ಡಬ್ಬಿಯನ್ನು ಬೆಂಚಿನ ಮೇಲೇ ಬಿಟ್ಟು ಎದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳ ಅತ್ತೆ ದಿನಕ್ಕೊಮ್ಮೆ ಸೊಸೆಗೆ ಬುದ್ಧಿ ಹೇಳುತ್ತಿದ್ದರು. ಆಡಿದ ಮಾತನ್ನು ವಾಪಸು ತರುವ ದಾರಿ ಯಾವುದೆಂದು ಅವರೂ ಹೇಳಿರಲಿಲ್ಲ.

ಅಧಿಕಾರಿ ಕಡತ ಓದುತ್ತಿದ್ದರು. ವಕೀಲ ಕಿಟಕಿಯ ಬಳಿ ನಿಂತಿದ್ದ. ದುಭಾಷಿ ನಿಂತುಕೊಂಡೇ ಹೇಳಿದಳು. "ಮೇಡಂ, ನಾನು ಬೆಳಿಗ್ಗೆ ಹೇಳಿದ ಒಂದು ಮಾತು ತಪ್ಪಾಗಿರಬಹುದು. ಅವರು ಅಂದಿದ್ದು 'ಮುಚ್ಚಬೇಕಿತ್ತು' ಅಂತಲೂ ಆಗತ್ತೆ, 'ಮುಚ್ಚಿರಬೇಕು' ಅಂತಲೂ ಆಗತ್ತೆ. ನಾನು ಕೇಳಿ ಖಚಿತ ಮಾಡ್ಕೊಳ್ಳಲಿಲ್ಲ."

ವಕೀಲ ಗಿರಕ್ಕನೆ ತಿರುಗಿದ. "ಊಟಕ್ಕೆ ಹೋಗೋ ಮುಂಚೆ ಸರಿಯಿತ್ತು, ಊಟ ಆದ ಮೇಲೆ ತಪ್ಪಾಯ್ತು. ನಡುವೆ ಏನಾಯ್ತು? ನಾನು ಹೇಳ್ಲಾ? ಇವರು ಫಿಟ್ಟರ್ ಅಕ್ಕನ ಜೊತೆ ಒಂದೇ ಬೆಂಚಲ್ಲಿ ಕೂತಿದ್ರು. ಈ ಕಣ್ಣಿಂದ ನೋಡಿದೀನಿ."

"ಕೂತಿದ್ದೆ. ಒಂದು ಮಾತೂ ಆಡಿಲ್ಲ."

"ಅದಕ್ಕೆ ಸಾಕ್ಷಿ?"

ಸಾಕ್ಷಿ ಇರಲಿಲ್ಲ.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಪ್ರಕಾರ ಯಾವುದು ಸರಿ?"

"ಗೊತ್ತಿಲ್ಲ ಮೇಡಂ. ಅವರನ್ನೇ ಕೇಳಬೇಕು."

"ನಾನು ಬರೀತೀನಿ ಇದನ್ನ. ದುಭಾಷಿ ತಪ್ಪೊಪ್ಪಿಕೊಂಡ್ರು ಅಂತ. ಆಮೇಲೆ ಅಳಿಸೋಕಾಗಲ್ಲ."

"ಬರೀರಿ."

ಸೆನ್ಯೋರನ ವಾರ್ಡ್ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಬರಲು ತಡವಾಯಿತೆಂದು ಅಧಿಕಾರಿ ಮೆಟ್ಟಿಲಿಳಿದೇ ಹೊರಟರು. ವಕೀಲ, ದುಭಾಷಿ, ಟೈಪಿಸ್ಟ್ ಹಿಂದೆ ಹಿಂದೆ. ಫಿಟ್ಟರನೂ ಇರಲಿ ಎಂದು ಅಧಿಕಾರಿ ಹೇಳಿದ್ದರಿಂದ ಅವನು ಗೋಡೆ ಹಿಡಿದುಕೊಂಡು ಬಂದ. ಅಕ್ಕನೂ ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತಳು.

ಡಾಕ್ಟರ್ ಗಡಿಯಾರ ತೋರಿಸಿ, ಹತ್ತು ನಿಮಿಷ, ಅದಕ್ಕಿಂತ ಒಂದು ಉಸಿರೂ ಹೆಚ್ಚಿಲ್ಲ ಎಂದರು.

"ಅವರ ಬಾಯಿಗೆ ಮಾತು ತುರುಕೋ ಹಾಗಿಲ್ಲ," ಎಂದ ವಕೀಲ. "ಇದಾ, ಅದಾ ಅಂತ ಕೇಳೋ ಹಾಗಿಲ್ಲ."

ಅದು ನ್ಯಾಯದ ಮಾತೇ. ದುಭಾಷಿ ಒಂದು ಕ್ಷಣ ಯೋಚಿಸಿ, ಸೆನ್ಯೋರನ ಕಡೆ ಬಾಗಿ, ಆ ಕ್ರಿಯಾಪದವನ್ನು ಮುಟ್ಟದೆ ಕೇಳಿದಳು. "ವಾಲ್ವ್ ವಿಷಯದಲ್ಲಿ ನಿಮಗೆ ಏನು ಗೊತ್ತು? ಹೇಗೆ ಗೊತ್ತು?"

ಸೆನ್ಯೋರ್ ನಿಧಾನವಾಗಿ ಹೇಳಿದ. ಅವಳು ಪ್ರತಿ ತುಂಡಿಗೂ ನಿಲ್ಲಿಸಿ, ಅರ್ಥ ಒತ್ತಿ ನೋಡಿ, ಆಮೇಲೆ ತಿರುಗಿಸಿದಳು. "ನಾನು ಪಂಪಿನ ಕೆಳಗಿದ್ದೆ. ಅಟ್ಟಣೆ ಕಾಣಿಸ್ತಿರಲಿಲ್ಲ. ಅವನ ಕೈ ನೋಡಿಲ್ಲ. ಆದರೆ ವಾಲ್ವಿನ ಚಕ್ರ ಕಿರ್ ಅಂದಿದ್ದು ಕೇಳಿಸ್ತು. ಬುಸ್ಸನ್ನೋ ಸದ್ದು ನಿಂತುಹೋಯ್ತು. ಅದಕ್ಕೇ ಹೇಳಿದ್ದು, ಅವನು ಮುಚ್ಚಿರಬೇಕು ಅಂತ."

ಫಿಟ್ಟರ್ ತಲೆಯೆತ್ತಿದ. ಟೈಪಿಸ್ಟನ ಕೈ ಓಡತೊಡಗಿತು.

"ನಿಂತುಹೋಯ್ತು ಅಂದ್ರೆ, ಆ ಮುದುಕ ಹೇಗೆ ಸತ್ತ?" ಎಂದು ಕೇಳಿದರು ಅಧಿಕಾರಿ.

"ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಡೆಯಿಂದ ಸದ್ದು ಬಂತು. ಗೋಡೆ ಒಳಗಿಂದ. ವಾಲ್ವ್ ಮುಚ್ಚಿದಾಗ ಒತ್ತಡವೆಲ್ಲ ಹಿಂದಕ್ಕೆ ಹೋಗತ್ತೆ. ತೂಕದ ಕೋಣೆ ಗೋಡೆಯಲ್ಲಿ ಒಂದು ಹಳೇ ಪೈಪ್ ಇದೆ. ಅದು ತಡ್ಕೊಂಡಿಲ್ಲ." ಸೆನ್ಯೋರ್ ನೀರಿಗೆ ಸನ್ನೆ ಮಾಡಿದ, ಒಂದು ಗುಟುಕು ಕುಡಿದು, ಧ್ವನಿ ಗಡುಸು ಮಾಡಿಕೊಂಡು, "ದೆಬಿಯೆರೊನ್ ಕಾಂಬಿಯಾರ್ಲೊ," ಎಂದ.

ಮತ್ತೆ ಅದೇ ಕ್ರಿಯಾಪದ. ದುಭಾಷಿಗೆ ಧ್ವನಿಯಿಂದಲೇ ಅರ್ಥ ತಿಳಿಯಿತು. "ಅದನ್ನ ಬದಲಾಯಿಸಬೇಕಿತ್ತು ಅಂತಾರೆ. ಕಂಪನಿಯವರು."

ವಕೀಲನ ಮುಖದಲ್ಲಿ ಸಣ್ಣ ನಗೆ. "ಇರಿ, ಇರಿ. ಇದೂ ಬೆಳಗಿನ ಪದವೇ ಅಲ್ವಾ? ಆಗ 'ಬೇಕಿತ್ತು' ಅಂದ್ರಿ, ಈಗ 'ಇರಬೇಕು' ಅಂತೀರಿ. ಹಾಗಾದ್ರೆ ಇದೂ 'ಬದಲಾಯಿಸಿರಬೇಕು' ಅಂತ ಯಾಕಾಗಬಾರದು? ಫಿಟ್ಟರಿಗೆ ಬೇಕಾದಾಗ ಊಹೆ, ಕಂಪನಿಗೆ ಬಂದಾಗ ಕರ್ತವ್ಯ. ಚೆನ್ನಾಗಿದೆ ಭಾಷೆ."

ತಾನೇ ಕೊಟ್ಟ ಕೋಲಿನಿಂದ ತನಗೇ ಪೆಟ್ಟು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ; ಪದವನ್ನಷ್ಟೇ ಹಿಡಿದರೆ ಆ ಅರ್ಥವೂ ಹೊರಡುತ್ತದೆ. ನನಗೆ ಧ್ವನಿಯಿಂದ ಗೊತ್ತಾಯಿತು ಎಂದರೆ ಯಾರು ನಂಬುತ್ತಾರೆ? ಬೆಳಿಗ್ಗೆಯೂ ಅವಳಿಗೆ ಗೊತ್ತಾಗಿತ್ತಲ್ಲ.

"ವಕೀಲರು ಕೇಳೋದು ಸರಿ ಮೇಡಂ," ಎಂದಳು. "ಮತ್ತೆ ಕೇಳ್ತೀನಿ." ಸೆನ್ಯೋರನ ಕಡೆ ತಿರುಗಿ, ಎಳೆಗೂಸಿಗೂ ತಿಳಿಯುವಷ್ಟು ನೇರವಾಗಿ ಕೇಳಿದಳು. "ಆ ಪೈಪಿಗೆ ಏನಾಯಿತು?"

"ನಾದಾ," ಎಂದ ಸೆನ್ಯೋರ್. ಏನೂ ಇಲ್ಲ. ಮೂರು ಬೆರಳು ಎತ್ತಿ ತೋರಿಸಿದ.

"ಏನೂ ಮಾಡಲಿಲ್ಲ. ಬದಲಾಯಿಸಿ ಅಂತ ಮೂರು ಸಲ ಬರೆದುಕೊಟ್ಟೆ. ಇಂಜಿನಿಯರ್ ಆಫೀಸಿಗೆ. ಒಂದು ಪ್ರತಿ ನನ್ನ ಪೆಟ್ಟಿಗೆಯಲ್ಲೂ ಇದೆ ಅಂತಾರೆ."

ವಕೀಲನ ನಗೆ ಇದ್ದಲ್ಲೇ ಆರಿತು. ಅಧಿಕಾರಿ ತಾವೇ ಪೆನ್ನು ಎತ್ತಿಕೊಂಡು ಬರೆದರು.

ಡಾಕ್ಟರ್ ಮುಂದೆ ಬಂದರು. ಹತ್ತು ನಿಮಿಷ ಮುಗಿದಿತ್ತು. ಎಲ್ಲರೂ ಹೊರಡಲು ಅಣಿಯಾಗುವಾಗ ಸೆನ್ಯೋರನ ಕಣ್ಣು ಬಾಗಿಲ ಬಳಿ ಗೋಡೆಗೊರಗಿದ್ದ ಫಿಟ್ಟರನ ಮೇಲೆ ಬಿತ್ತು. ಕೈಯನ್ನು ಅವನತ್ತ ಚಾಚಿ, "ಲೆ ದೆಬೊ ಲಾ ವಿದಾ," ಎಂದ.

ಅದೇ ಕ್ರಿಯಾಪದದ ಮೂರನೆಯ ಮುಖ. ಅವನಿಗೆ ನಾನು ಜೀವದ ಸಾಲಗಾರ. ಇದನ್ನು ಹೇಳಿದರೆ ಇಷ್ಟು ಹೊತ್ತು ಆಡಿದ್ದೆಲ್ಲ ನೀರಲ್ಲಿ ಹೋಮ. ಜೀವ ಉಳಿಸಿದವನ ಪರ ಮಾತಾಡದೆ ಇನ್ನೇನು ಮಾಡುತ್ತಾನೆ ಎನ್ನುತ್ತಾರೆ. ಹೇಳದಿದ್ದರೆ? ಎಲ್ಲ ಮುಗಿದ ಮೇಲೆ ಬಂದ ಮಾತು. ಬೀಳ್ಕೊಡುವ ಮಾತು. 'ಧನ್ಯವಾದ ಅಂದರು' ಎಂದರೆ ಸುಳ್ಳೂ ಆಗುವುದಿಲ್ಲ, ಪೂರ್ತಿ ನಿಜವೂ ಆಗುವುದಿಲ್ಲ. ಆ ಕೋಣೆಯಲ್ಲಿ ಅದನ್ನು ತಿಳಿದವರು ಇಬ್ಬರೇ, ಒಬ್ಬನು ಹೊರಟು ನಿಂತವನು.

"ಏನಂದ್ರು?" ಎಂದರು ಅಧಿಕಾರಿ.

ಅವಳು ಫಿಟ್ಟರನ ಮುಖ ನೋಡಲಿಲ್ಲ. "ಅವನ ಋಣ ನನ್ನ ಮೇಲಿದೆ, ನನ್ನ ಜೀವ ಅವನದು, ಅಂದರು."

"ಬರ್ಕೊಳ್ಳಿ," ಎಂದ ವಕೀಲ ತಕ್ಷಣ. "ಋಣ ಇದೆಯಂತೆ. ಇಂಥವರ ಸಾಕ್ಷಿಗೆ ಎಷ್ಟು ಬೆಲೆ ಅಂತ ತಾವೇ ಹೇಳಿ."

"ಬರೆದೆ," ಎಂದರು ಅಧಿಕಾರಿ. ಪೆನ್ನಿನಿಂದ ದುಭಾಷಿಯತ್ತ ತೋರಿಸಿದರು. "ಅದನ್ನ ಬಚ್ಚಿಡಬಹುದಿತ್ತು ಇವರು. ಬಚ್ಚಿಡಲಿಲ್ಲ ಅಂತಲೂ ಬರೆದೆ." ಎದ್ದು ಕಡತ ಮುಚ್ಚಿದರು. "ಇವತ್ತು ಸಹಿ ಇಲ್ಲ. ನಾಳೆ ಆ ಗೋಡೆ ಒಡೆಸಿ."

ಮೂರೂ ಮುಕ್ಕಾಲಿಗೆ ಸೆನ್ಯೋರನನ್ನು ಕೆಳಗೆ ಇಳಿಸಿದರು. ಫಿಟ್ಟರ್ ಆಂಬ್ಯುಲೆನ್ಸಿನವರೆಗೆ ಅವನ ಕೈ ಹಿಡಿದುಕೊಂಡೇ ಹೋದ. ಮಾತಾಡಿದರೂ ಒಬ್ಬರದು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ವಾಪಸು ಬರುವಾಗ ಕಾರಿಡಾರಿನ ಬೆಂಚಿನ ಹತ್ತಿರ ದುಭಾಷಿಯನ್ನು ಕಂಡು ನಿಂತ.

"ನಾನು ಮುಚ್ಚಿದ್ನಾ ಮೇಡಂ?"

"ಮುಚ್ಚಿರಬೇಕಪ್ಪ."

"ಅಷ್ಟೇನಾ?"

"ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಿದ್ರೆ ಮತ್ತೆ ತಪ್ಪು ಮಾಡಿದ ಹಾಗಾಗತ್ತೆ."

ಅವನು ತಲೆಯಾಡಿಸಿದ. ಅವನ ಅಕ್ಕ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ತಮ್ಮನನ್ನು ಮಂಚಕ್ಕೆ ಕಳಿಸಿ, ಬಾಗಿಲೆಳೆದು, ದುಭಾಷಿಯ ಎದುರು ನಿಂತಳು. ಕೈ ಮುಗಿಯುತ್ತಾಳೇನೋ ಎಂದು ದುಭಾಷಿ ಮುಜುಗರದಿಂದ ಹಿಂದೆ ಸರಿದಳು.

"ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನನ್ನ ತಮ್ಮ ಒಬ್ಬ ಮುದುಕನ್ನ ಕೊಂದವನಾಗಿದ್ದ," ಎಂದಳು ಅಕ್ಕ. ಧ್ವನಿ ಎತ್ತರಿಸಲಿಲ್ಲ. "ನೀವು ಮಾಡಿದ್ದು. ಅವನು ಅದನ್ನ ನಂಬಿಬಿಟ್ಟಿದ್ದ. ಇನ್ನೆಷ್ಟು ದಿನ ನಿದ್ದೆಯಲ್ಲಿ ಅದೇ ನೆನೆಸ್ಕೋತಾನೋ. ಆಮೇಲೆ ಸರಿ ಮಾಡಿದ್ರಿ, ಗೊತ್ತು. ಆದ್ರೆ ಥ್ಯಾಂಕ್ಸ್ ಅಂತ ನನ್ನ ಬಾಯಲ್ಲಿ ಬರ್ತಾ ಇಲ್ಲ."

"ಬರಬೇಕಾಗಿಯೂ ಇಲ್ಲಮ್ಮ," ಎಂದಳು ದುಭಾಷಿ.

ಅಕ್ಕ ಬೆಂಚಿನ ಮೇಲೆ ಅರ್ಧ ತಿಂದು ಬಿಟ್ಟಿದ್ದ ಡಬ್ಬಿಯನ್ನು ಎತ್ತಿ ದುಭಾಷಿಯ ಕೈಗಿಟ್ಟು, ವಾರ್ಡಿನೊಳಗೆ ಹೋದಳು.

ಗೋಡೆ ಒಡೆದಾಗ ಸಿಕ್ಕ ಪೈಪ್ ಹುಳ ತಿಂದ ಮರದ ಹಾಗಿತ್ತಂತೆ. ಕೈಯಲ್ಲಿ ಹಿಡಿದರೆ ಪುಡಿ ಉದುರುತ್ತಿತ್ತಂತೆ. ಮೂರು ಅರ್ಜಿಗಳೂ ಇಂಜಿನಿಯರ್ ಆಫೀಸಿನ ಬೀರುವಿನಲ್ಲಿ ಸಿಕ್ಕವು, ಒಂದರ ಮೇಲೂ ಒಂದು ಗೀಟು ಬಿದ್ದಿರಲಿಲ್ಲ. ಯಾರಿಗೂ ಓದಲು ಬಾರದ ಭಾಷೆಯಲ್ಲಿದ್ದವೆಂದು ಕಂಪನಿ ಹೇಳಿತು. ಹಾಗಾದರೆ ಓದಿಸಬೇಕಿತ್ತು ಎಂದು ಅಧಿಕಾರಿ ವರದಿಯಲ್ಲಿ ಒಂದೇ ಸಾಲು ಬರೆದರು. ಫಿಟ್ಟರನ ಮೇಲಿನ ಆರೋಪ ಬಿದ್ದುಹೋಯಿತು. ಅವನು ಆ ಜಾಗಕ್ಕೆ ಮತ್ತೆ ಕಾಲಿಡಲಿಲ್ಲ. ಒಂದು ನೀರಿನ ಪಂಪ್ ಹೌಸಿನಲ್ಲಿ ಕೆಲಸ ಹಿಡಿದನೆಂದು ಟೈಪಿಸ್ಟ್ ಹೇಳಿದ.

ಅದೇ ವರದಿಯ ಕೊನೆಯಲ್ಲಿ ದುಭಾಷಿಯ ಮೊದಲ ಅನುವಾದ ತಪ್ಪಾಗಿತ್ತೆಂದೂ ಇತ್ತು. ಒಂದು ವರ್ಷ ಅವಳ ಹೆಸರನ್ನು ಪಟ್ಟಿಯಿಂದ ತೆಗೆದರು. ಕಾಗದ ಬಂದ ದಿನ ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ಅತ್ತೆ, ಏನದು ಎಂದು ಕೇಳಿದರು.

"ಒಂದು ವರ್ಷ ಮನೇಲಿರು ಅಂತ ಬರೆದಿದಾರೆ."

"ಒಳ್ಳೇದಾಯ್ತು. ಬಾವಿ ಕಟ್ಟೆ ತುಂಬ ಪಾತ್ರೆ ಬಿದ್ದಿವೆ," ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, ತಾವೇ ಹೋಗಿ ಅರ್ಧ ಪಾತ್ರೆ ತೊಳೆದಿಟ್ಟರು.

ಆ ವರ್ಷವೆಲ್ಲ ಅವಳು ಯಂತ್ರಗಳ ಕೈಪಿಡಿ ಅನುವಾದಿಸಿದಳು. ಯಂತ್ರಕ್ಕೆ ಊಹೆಯಿಲ್ಲ, ಋಣವಿಲ್ಲ. ಕೆಲಸ ಸಲೀಸಾಗಿತ್ತು, ಬೇಸರವೂ ಅಷ್ಟೇ ಇತ್ತು. ಅವಧಿ ಮುಗಿದ ಹದಿನೈದನೇ ದಿನಕ್ಕೆ ಅದೇ ಅಧಿಕಾರಿಯಿಂದ ಫೋನ್ ಬಂತು. ಬಂದರಿನಲ್ಲಿ ಕ್ರೇನ್ ಬಿದ್ದಿದೆ, ಸಾಕ್ಷಿಗಳು ಮೂವರು ಸ್ಪ್ಯಾನಿಷಿನವರು, ಸೋಮವಾರ ಬರಲಾಗುತ್ತದೆಯೇ ಎಂದು ಕೇಳಿದರು.

"ಬರ್ತೀನಿ ಮೇಡಂ. ಆದ್ರೆ ಅನುಮಾನ ಬಂದ ಕಡೆ ನಿಲ್ಲಿಸಿ ನಿಲ್ಲಿಸಿ ಕೇಳ್ತೀನಿ. ಹೊತ್ತಾಗತ್ತೆ."

"ಆಗಲಿ," ಎಂದರು ಅಧಿಕಾರಿ. "ಮಧ್ಯಾಹ್ನದ ಊಟ ಬೆಂಚಲ್ಲಿ ಬೇಡ, ನನ್ನ ರೂಮಲ್ಲೇ ಮಾಡಿ. ಆ ವಕೀಲರೇ ಈ ಸಲವೂ ಬರ್ತಾರೆ."